ಕರಿಜಾಲಿ : ಗಾಡಿಯ ಚಕ್ರದಿಂದ ಸಂಘದ ಮೇಜಿನವರೆಗೆ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಅಂತ ಅಧ್ಯಕ್ಷರು ಸಭೆಯಲ್ಲಿ ಹೇಳಿದಾಗ ನನಗೆ ದಿಗಿಲಾಯಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಪೆನ್ನು ಹಿಡಿಯುವುದು ಸಂಘದ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಾಗ ಮಾತ್ರ. ಸಂಘದ ಹುಟ್ಟು, ಷೇರು, ಠೇವಣಿ, ಗೊಬ್ಬರದ ವ್ಯಾಪಾರ, ಲಾಭ-ನಷ್ಟ ಎಲ್ಲವನ್ನೂ ತಿಳಿದವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಅದನ್ನೇ ನಾನೂ ಬರೆದರೆ ಓದುವವರಿಗೆ ಬೇಜಾರು. ಆದ್ದರಿಂದ ನಾನು ನಮ್ಮ ಕಚೇರಿಯಲ್ಲಿ ಕಾರ್ಯದರ್ಶಿಗಳ ಮುಂದೆ ಇರುವ ಮೇಜಿನ ಚರಿತ್ರೆ ಬರೆಯುತ್ತೇನೆ. ಆ ಕೆಂಪುಕಂದು ಬಣ್ಣದ ಮೇಜಿನ ಮೇಲೆ ನೀವೆಲ್ಲ ಒಂದಲ್ಲ ಒಂದು ದಿನ ಸಾಲದ ಅರ್ಜಿ ಇಟ್ಟಿದ್ದೀರಿ. ಅದು ಯಾವ ಮರ ಅಂತ ಕೇಳಿದರೆ ಹೊಸಬರು ತೇಗ ಅನ್ನುತ್ತಾರೆ, ಕೆಲವರು ಹೊನ್ನೆ ಅನ್ನುತ್ತಾರೆ. ಅದು ತೇಗವೂ ಅಲ್ಲ, ಹೊನ್ನೆಯೂ ಅಲ್ಲ. ಅದು ನಮ್ಮ ಹೊಲದ ಬದುವಿನ ಕರಿಜಾಲಿ.

ಮೇಜಿನ ಕಥೆ ಹೇಳಬೇಕಾದರೆ ಮೊದಲು ಮರದ ಕಥೆ ಹೇಳಬೇಕು. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಜಾಲಿ ಅಂದರೆ ಯಾವ ಜಾಲಿ?

ಈಗಿನ ಹುಡುಗರಿಗೆ ಜಾಲಿ ಅಂದರೆ ಬಳ್ಳಾರಿ ಜಾಲಿ. ಕೆರೆ ಅಂಗಳ ನುಂಗಿದ, ಗೋಮಾಳ ನುಂಗಿದ, ದನದ ಕಾಲಿಗೆ ಮುಳ್ಳು ಚುಚ್ಚುವ ಮುಳ್ಳುಕಂಟಿ. ಅದು ನಮ್ಮ ಮರವೇ ಅಲ್ಲ. ಅಮೆರಿಕಾ ಖಂಡದ ಕಡೆಯದು. ಬ್ರಿಟಿಷರ ಕಾಲದಲ್ಲಿ, 1870ರ ದಶಕದಲ್ಲಿ, ಒಣಭೂಮಿಗೆ ಸೌದೆ ಆಗಲಿ ಅಂತ ನಮ್ಮ ದೇಶಕ್ಕೆ ಬೀಜ ತರಿಸಿ ಹಾಕಿದರು. ಅದರ ಮೇಲಿನ ಸಿಟ್ಟನ್ನು ನಾವು ನಮ್ಮ ಕರಿಜಾಲಿಯ ಮೇಲೂ ತೀರಿಸಿಕೊಂಡೆವು. ಜೆಸಿಬಿ ಓಡಿಸುವವನಿಗೆ ಎರಡೂ ಮುಳ್ಳು ಗಿಡವೇ.

ಗುರುತು ಹಿಡಿಯುವುದು ಕಷ್ಟವಲ್ಲ. ಕರಿಜಾಲಿಯ ಹೂವು ಅರಿಸಿನದ ಉಂಡೆಯ ಹಾಗೆ ದುಂಡಗೆ, ಘಮ ಅನ್ನುತ್ತದೆ. ಬಳ್ಳಾರಿ ಜಾಲಿಯದು ಉದ್ದನೆಯ ತೆನೆಯಂಥ ಹೂವು. ಕರಿಜಾಲಿಯ ಕಾಯಿ ಮಣಿಸರದ ಹಾಗೆ, ಬೀಜ ಬೀಜಕ್ಕೂ ನಡುವೆ ಸೊಂಟ ಕಟ್ಟಿದಂತೆ ಇರುತ್ತದೆ. ತೊಗಟೆ ಕಪ್ಪಗೆ, ಸೀಳು ಸೀಳು. ಮುಳ್ಳು ಬೆಳ್ಳಗೆ, ಜೋಡಿ ಜೋಡಿ. ನಮ್ಮ ಹಳಬರು ಇದನ್ನೇ ಗೊಬ್ಬಳಿ ಅಂತಲೂ ಕರೆಯುತ್ತಾರೆ. ಬಿಳಿಜಾಲಿ ಬೇರೆ, ಅದರ ತೊಗಟೆಯೇ ಬಿಳಿಚಿಕೊಂಡಿರುತ್ತದೆ. ತಲೆಗೆ ಹಾಕುವ ಸೀಗೆ, ಎಲೆಯಡಿಕೆಗೆ ಹಾಕುವ ಕಾಚಿನ ಕಗ್ಗಲಿ, ಇವೂ ಜಾಲಿಯ ದಾಯಾದಿಗಳೇ.

ಹಿಂದಿನವರೂ ಜಾಲಿಗೆ ಅಷ್ಟೇನೂ ಮರ್ಯಾದೆ ಕೊಟ್ಟಿಲ್ಲ. ಪುರಂದರದಾಸರು ದುರ್ಜನರನ್ನು ಜಾಲಿ ಮರಕ್ಕೆ ಹೋಲಿಸಿ ಹಾಡಿದ್ದು ನಮ್ಮೂರ ಭಜನೆ ಮಂಡಳಿಯವರಿಗೆಲ್ಲ ಬಾಯಿಪಾಠ. ದಾಸರು ನೆರಳು, ಹಣ್ಣು ನೋಡಿ ಹೇಳಿದರು. ಅದು ದಾರಿಹೋಕನ ಲೆಕ್ಕ. ಬಡಗಿಯ ಲೆಕ್ಕ ಬೇರೆ.

ಹೆಸರು ಕಳೆದುಕೊಂಡ ಮರ

ನನ್ನ ಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಈ ಲೇಖನಕ್ಕೆ ಅವಳು ಒಂದಿಷ್ಟು ವಿಷಯ ಹುಡುಕಿ ಕೊಟ್ಟಳು. ಓದಿ ನನಗೆ ಆಶ್ಚರ್ಯವಾಯಿತು.

ಈ ಮರ ನಮ್ಮಲ್ಲಿ ಇರುವಂತೆಯೇ ಈಜಿಪ್ಟ್ ದೇಶದ ನೈಲ್ ನದಿ ದಂಡೆಯಲ್ಲೂ ಇದೆ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಹೆರೊಡೋಟಸ್ ಎಂಬ ಗ್ರೀಕ್ ಚರಿತ್ರೆಕಾರ ಈಜಿಪ್ಟಿನವರು ಸರಕು ದೋಣಿಗಳನ್ನು ಅಂಟು ಸುರಿಸುವ ಒಂದು ಮುಳ್ಳು ಮರದಿಂದ ಮಾಡುತ್ತಾರೆ ಅಂತ ಬರೆದಿದ್ದಾನೆ. ಆ ಮರ ಜಾಲಿಯೇ ಅಂತ ತಿಳಿದವರು ಹೇಳುತ್ತಾರೆ. ಅದರಲ್ಲಿ ಉದ್ದನೆಯ ಹಲಗೆ ಬರುವುದಿಲ್ಲವಲ್ಲ, ಅದಕ್ಕೆ ಎರಡೆರಡು ಮೊಳದ ತುಂಡು ಕೊಯ್ದು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸುತ್ತಿದ್ದರಂತೆ. ಈ ಮಾತು ನೆನಪಿಟ್ಟುಕೊಳ್ಳಿ, ಮೇಜಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಅಕೇಶಿಯಾ ಅನ್ನುವ ಹೆಸರೇ ಮೂಲದಲ್ಲಿ ಈ ಮರದ್ದು. ಗ್ರೀಕರು ಇದನ್ನು ಅಕಾಕಿಯಾ ಅಂತ ಕರೆದದ್ದು ಮುಂದೆ ಅಕೇಶಿಯಾ ಆಯಿತು. 1753ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಗಿಡಮರಗಳಿಗೆಲ್ಲ ಶಾಸ್ತ್ರದ ಹೆಸರು ಕೊಟ್ಟಾಗ ಇದಕ್ಕೆ ನೈಲ್ ನದಿಯ ಹೆಸರು ಸೇರಿಸಿದ. ಆಮೇಲೆ ಬಹಳ ಕಾಲ ಇದು ಅಕೇಶಿಯಾ ನಿಲೋಟಿಕಾ ಎಂದೇ ಪುಸ್ತಕಗಳಲ್ಲಿತ್ತು. ಆದರೆ ಈ ಕುಲದಲ್ಲಿ ಆಸ್ಟ್ರೇಲಿಯಾದ ಮರಗಳೇ ಜಾಸ್ತಿ, ಸುಮಾರು ಒಂದು ಸಾವಿರ ಜಾತಿ. ಅಲ್ಲಿನವರು ಅವನ್ನು ವ್ಯಾಟಲ್ ಅನ್ನುತ್ತಾರೆ. 1988ರಲ್ಲಿ ಒಂದು ವ್ಯಾಟಲ್ ಹೂವನ್ನು ತಮ್ಮ ದೇಶದ ಹೂವೆಂದು ಘೋಷಿಸಿಕೊಂಡಿದ್ದಾರೆ. ಕುಲವನ್ನು ಪಾಲು ಮಾಡಬೇಕಾಗಿ ಬಂದಾಗ 2005ರಲ್ಲಿ ವಿಯೆನ್ನಾದಲ್ಲಿ, ಮತ್ತೆ 2011ರಲ್ಲಿ ಮೆಲ್ಬರ್ನ್‌ನಲ್ಲಿ ಪ್ರಪಂಚದ ಸಸ್ಯವಿಜ್ಞಾನಿಗಳು ಸಭೆ ಸೇರಿ, ಅಕೇಶಿಯಾ ಹೆಸರು ಆಸ್ಟ್ರೇಲಿಯಾದ ಪಾಲಿಗೆ ಇರಲಿ ಅಂತ ತೀರ್ಮಾನ ಮಾಡಿದರು. ನಮ್ಮ ಜಾಲಿ ಈಗ ವೆಚೆಲಿಯಾ ನಿಲೋಟಿಕಾ. ಪಾಲುಪಟ್ಟಿಯಲ್ಲಿ ಹಿರಿಮಗನಿಗೆ ಮನೆತನದ ಹೆಸರೇ ತಪ್ಪಿಹೋದಂತಾಯಿತು.

ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಮಲೆನಾಡಿನ ರಸ್ತೆ ಬದಿ, ಸರ್ಕಾರಿ ಗುಡ್ಡಗಳಲ್ಲಿ ಸಾಲಾಗಿ ಕಾಣುವ, ಜನ ಅಕೇಶಿಯಾ ಅಂತಲೇ ಕರೆಯುವ ಮರ ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು. ನೀಲಗಿರಿ ಬೆಟ್ಟಕ್ಕೆ ಅಲ್ಲಿನ ವ್ಯಾಟಲ್ ಮರಗಳನ್ನು 19ನೇ ಶತಮಾನದಲ್ಲೇ ತಂದಿದ್ದರು. ಅತ್ತ ಕಡೆ ನಮ್ಮ ಕರಿಜಾಲಿಯನ್ನು ಕುರಿಗಳಿಗೆ ನೆರಳು, ಮೇವು ಆಗಲಿ ಅಂತ ಅವರು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಪ್ರಾಂತ್ಯಕ್ಕೆ ತೆಗೆದುಕೊಂಡು ಹೋದರು. ಅಲ್ಲಿ ಅದು ಹುಲ್ಲುಗಾವಲನ್ನೆಲ್ಲ ಲಕ್ಷಾಂತರ ಹೆಕ್ಟೇರ್ ಆವರಿಸಿಕೊಂಡು, 1999ರಲ್ಲಿ ಆ ದೇಶದ ದೊಡ್ಡ ಕಳೆಗಳ ಪಟ್ಟಿಗೆ ಸೇರಿತು. ನಮಗೆ ಬಳ್ಳಾರಿ ಜಾಲಿ ಹೇಗೋ ಅವರಿಗೆ ಕರಿಜಾಲಿ ಹಾಗೆ. ಮರ ಕೆಟ್ಟದ್ದಲ್ಲ. ಯಾವ ಮರ ಎಲ್ಲಿರಬೇಕೋ ಅಲ್ಲಿರಬೇಕು.

ಬೇಸಾಯಕ್ಕಾಗಿಯೇ ಹುಟ್ಟಿದ ಮರ

ಜಾಲಿಯ ಕಾಯಿ ಆಡು-ಕುರಿಗೆ ಮೇವು. ಕಡ್ಡಿ ಹಲ್ಲುಜ್ಜಲು. ಅಂಟು ಬಾಣಂತಿಯ ಉಂಡೆಗೆ. ತೊಗಟೆ ಚರ್ಮ ಹದ ಮಾಡಲು. ಉತ್ತರದಲ್ಲಿ ಕಾನ್ಪುರದ ಚರ್ಮದ ಕಾರ್ಖಾನೆಗಳು ಈ ತೊಗಟೆಯಿಂದಲೇ ಬೆಳೆದವು. ನಮ್ಮ ಕಡೆ ತಂಗಡಿ ತೊಗಟೆ ಹೆಚ್ಚು ಬಳಕೆ. ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುತ್ತದೆ. ಹೂಳು ತಡೆಯಲಿ, ಸೌದೆಯೂ ಸಿಗಲಿ ಅಂತ ಅರಣ್ಯ ಇಲಾಖೆಯವರು ಕೆರೆ ಅಂಗಳದಲ್ಲಿ ಇದನ್ನೇ ಹಾಕುತ್ತಿದ್ದರು. ಕೆರೆ ತುಂಬಿ ಬುಡ ಮುಳುಗಿ ನಿಂತರೂ ಸಾಯುವುದಿಲ್ಲ, ಬರ ಬಂದು ಕೆರೆ ಬಿರಿದರೂ ಸಾಯುವುದಿಲ್ಲ.

ಆದರೆ ಇದರ ನಿಜವಾದ ಬೆಲೆ ಒಳಗಿನ ಚೇಗಿನಲ್ಲಿದೆ. ಹೊರಗಿನ ಬಿಳಿ ಮರ ಹುಳಕ್ಕೆ ತುತ್ತು. ಒಳಗಿನ ಚೇಗು ಕಡಿದ ದಿನ ಗುಲಾಬಿ ಬಣ್ಣ, ಗಾಳಿ ಬೆಳಕು ತಾಗಿ ದಿನ ಕಳೆದಂತೆ ಕೆಂಪುಕಂದು. ಒಣಗಿದ ಜಾಲಿ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 800 ಕೆಜಿ ತೂಗುತ್ತದೆ, ತೇಗ 650 ಕೆಜಿಯ ಸುಮಾರು. ತೂಕ ಒಂದೇ ಅಲ್ಲ, ಪೆಟ್ಟು ತಡೆಯುವ ಗುಣ ಇದಕ್ಕೆ ವಿಶೇಷ. ತೇಗ ಬಾಗಿಲಿಗೆ ಚೆನ್ನ. ದಿನಾ ಕಲ್ಲಿನ ಮೇಲೆ ಎಗರಿ ಬೀಳುವ ಚಕ್ರಕ್ಕೆ ಜಾಲಿಯೇ ಆಗಬೇಕು.

ಆದ್ದರಿಂದ ನೇಗಿಲು, ನೊಗ, ಕುಂಟೆ, ಕೂರಿಗೆ, ಗುದ್ದಲಿ ಕಾವು, ಒನಕೆ, ಎಣ್ಣೆ ಗಾಣದ ಕಂಬ, ಕಬ್ಬಿಣದ ಆಲೆ ಬರುವ ಮೊದಲಿನ ಕಬ್ಬಿನ ಗಾಣದ ಉರುಳೆ, ಗಾಡಿಯ ಗುಂಭ, ಎಲ್ಲಕ್ಕೂ ಜಾಲಿ. ಹೊಲದ ಬದುವಿನಲ್ಲಿ ನಾಲ್ಕು ಜಾಲಿ ಮರ ಇದ್ದ ರೈತ ಬಡಗಿ ಅಂಗಡಿಗೆ ಕೈ ಬೀಸಿಕೊಂಡು ಹೋಗುತ್ತಿರಲಿಲ್ಲ, ಮರ ಹೊತ್ತುಕೊಂಡು ಹೋಗುತ್ತಿದ್ದ. ಬಡಗಿಗೆ ಕೊಡುವುದು ಸುಗ್ಗಿಯಲ್ಲಿ ಕಾಳು. ದುಡ್ಡಿನ ಮಾತೇ ಇರಲಿಲ್ಲ.

ಚಕ್ರ ಕಟ್ಟುವ ಕೆಲಸ

ನಮ್ಮೂರಿನಲ್ಲಿ ಚಕ್ರ ಕಟ್ಟುವ ಒಬ್ಬರು ಆಚಾರರಿದ್ದರು. ಊರೆಲ್ಲ ಅವರನ್ನು ಆಚಾರಪ್ಪ ಅನ್ನುತ್ತಿತ್ತು, ನಾನೂ ಹಾಗೇ ಬರೆಯುತ್ತೇನೆ. ನಾನು ಹೈಸ್ಕೂಲಿಗೆ ಹೋಗುವ ಮೊದಲು ನಮ್ಮಜ್ಜನ ಗಾಡಿಗೆ ಅವರು ಹೊಸ ಚಕ್ರ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಮರ ಕಡಿಸಿದ್ದು ಎರಡು ವರ್ಷ ಮೊದಲು, ಕೃಷ್ಣಪಕ್ಷದಲ್ಲಿ. ಬೆಳುದಿಂಗಳಲ್ಲಿ ಕಡಿದರೆ ಹುಳ ಬೀಳುತ್ತದೆ ಅಂತ ಅವರ ನಂಬಿಕೆ. ಕಡಿದ ದಿಮ್ಮಿಯನ್ನು ಆರು ತಿಂಗಳು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ಮರದೊಳಗಿನ ಸಿಹಿ, ಗಂಜಿ ಅಂಶ ನೀರಿಗೆ ಬಿಟ್ಟುಹೋದರೆ ಆಮೇಲೆ ಹುಳಕ್ಕೆ ಅಲ್ಲಿ ಊಟ ಇರುವುದಿಲ್ಲ. ಹೊರಗೆ ತೆಗೆದು, ತುದಿಗಳಿಗೆ ಸಗಣಿ-ಮಣ್ಣು ಬಳಿದು ನೆರಳಲ್ಲಿ ಒಣಗಿಸಬೇಕು. ಮರ ನೀರು ಬಿಡುವುದು ತುದಿಯಿಂದಲೇ ಬೇಗ. ತುದಿ ಮುಚ್ಚದಿದ್ದರೆ ಅಲ್ಲಿಂದಲೇ ಸೀಳು ಓಡುತ್ತದೆ.

ಮೊದಲು ಗುಂಭ. ದಿಮ್ಮಿಯ ತುಂಡನ್ನು ಎರಡು ಮೊಳೆಗಳ ನಡುವೆ ನಿಲ್ಲಿಸಿ, ಹಗ್ಗ ಸುತ್ತಿ ಒಬ್ಬ ಆ ಕಡೆ ಈ ಕಡೆ ಎಳೆಯುತ್ತಿದ್ದ. ಎಳೆಯುವ ಕೆಲಸ ಅರ್ಧ ದಿನ ನನಗೂ ಸಿಕ್ಕಿತ್ತು. ಆಚಾರಪ್ಪ ಉಳಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕಡೆಯುತ್ತಿದ್ದರು. ಪೂರ್ತಿ ಒಣಗಿದ ಜಾಲಿ ಉಳಿಯ ಬಾಯಿ ಮುರಿಯುತ್ತದೆ, ಪೂರ್ತಿ ಹಸಿ ಇದ್ದರೆ ಕಡೆದ ಮೇಲೆ ಕುಗ್ಗಿ ಓರೆಯಾಗುತ್ತದೆ. ಅದಕ್ಕೆ ಅರೆಹಸಿಯಲ್ಲಿ ದಪ್ಪ ಬಿಟ್ಟು ಒಂದು ಸಲ ಕಡೆದು, ಮೂಲೆಯಲ್ಲಿಟ್ಟು, ತಿಂಗಳುಗಟ್ಟಲೆ ಬಿಟ್ಟು ಮತ್ತೆ ಒಂದು ಸಲ ಅಳತೆಗೆ ಕಡೆಯಬೇಕು. ಇದು ಜಾಲಿಯ ಮೊದಲ ಪಾಠ ಅಂತ ಅವರು ಹೇಳ್ತಿದ್ದರು. ಎರಡು ಸಲ ಕಡೆಯಲು ಪುರುಸೊತ್ತಿಲ್ಲದವನು ಜಾಲಿ ಮುಟ್ಟಬಾರದು.

ಗುಂಭಕ್ಕೆ ಹನ್ನೆರಡು ತೂತು, ಹನ್ನೆರಡು ಕಾಲು, ಸುತ್ತುಬಳೆಗೆ ಆರು ತುಂಡು. ಒಂದು ತುಂಡಿಗೆ ಎರಡು ಕಾಲು. ಜಾಲಿಯ ಕೊಂಬೆ ಸೊಟ್ಟ ಬೆಳೆಯುತ್ತದೆ ಅಂತ ನಾವು ಬೈಯುತ್ತೇವೆ. ಆಚಾರಪ್ಪ ಆ ಸೊಟ್ಟವನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಬಾಗಿದ ಕೊಂಬೆಯಲ್ಲಿ ಬಳೆಯ ತುಂಡು ತೆಗೆದರೆ ಮರದ ನಾರು ತುಂಡಾಗದೆ ಚಕ್ರದ ಜೊತೆಯೇ ಸುತ್ತುತ್ತದೆ.

ಕೊನೆಗೆ ಕಬ್ಬಿಣದ ಪಟ್ಟಿ. ಬೆರಣಿ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ, ಕೂಡಲೇ ಕೊಡಗಟ್ಟಲೆ ನೀರು ಹೊಯ್ಯುವುದು. ಹೊಗೆ, ಆವಿ, ಕೂಗಾಟ. ಪಟ್ಟಿ ಕುಗ್ಗುವಾಗ ಹನ್ನೆರಡು ಕಾಲೂ ಗುಂಭದೊಳಗೆ ಟಕ್ ಟಕ್ ಅಂತ ಬಿಗಿಯಾಗುವ ಸದ್ದು ಕೇಳುತ್ತಿತ್ತು. ಮೊಳೆ ಇಲ್ಲ, ಅಂಟು ಇಲ್ಲ. ಮರ ಸರಿಯಾಗಿ ಒಣಗಿರದಿದ್ದರೆ ಮುಂದಿನ ಬೇಸಿಗೆಗೆ ಅದೇ ಚಕ್ರ ಕಳಕಳ ಅನ್ನುತ್ತದೆ. ಆಗ ಆಚಾರಪ್ಪನ ಮಾನ ಊರ ಬೀದಿಯಲ್ಲಿ ಸದ್ದು ಮಾಡಿಕೊಂಡು ಹೋಗುತ್ತದೆ. ಈ ಕಾರಣಕ್ಕೇ ಅವರು ಅವಸರದ ಕೆಲಸ ಒಪ್ಪುತ್ತಿರಲಿಲ್ಲ.

ಟೈರು ಗಾಡಿ ಬಂತು

ಡನ್ಲಪ್ ಕಂಪನಿಯವರು ಎತ್ತಿನ ಗಾಡಿಗೆ ರಬ್ಬರ್ ಟೈರು ತಂದದ್ದು ಸ್ವಾತಂತ್ರ್ಯಕ್ಕೂ ಮೊದಲೇ. ನಮ್ಮ ಕಡೆಗೆ ಅದು ನಿಧಾನವಾಗಿ ಬಂತು. ಬೆಂಗಳೂರಿನ ಐಐಎಂ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದಲೇ ಎತ್ತಿನ ಗಾಡಿಯ ಸುಧಾರಣೆಗಾಗಿ ಓಡಾಡಿದರು. ಮರದ ಚಕ್ರ ಎತ್ತಿನ ಹೆಗಲಿಗೆ ಭಾರ, ರಸ್ತೆಗೂ ಹಾನಿ ಅಂತ ಅವರ ವಾದ. ದೇಶದಲ್ಲಿ ಆಗ ಒಂದು ಕೋಟಿಗೂ ಹೆಚ್ಚು ಎತ್ತಿನ ಗಾಡಿ ಇದ್ದವು. ಅವರು ಹೇಳಿದ್ದು ಸರಿಯೇ. ಟೈರು ಗಾಡಿಯಲ್ಲಿ ಎತ್ತಿಗೆ ಸುಖ, ಹೇರೂ ಜಾಸ್ತಿ. ನಮ್ಮ ತಂದೆಯೂ ಸಾಲ ಮಾಡಿ ಟೈರು ಗಾಡಿ ತಂದರು. ಅಜ್ಜನ ಎರಡು ಚಕ್ರ ಹಿತ್ತಲ ಗೋಡೆಗೆ ಒರಗಿದವು. ಆಮೇಲೆ ಟ್ರ್ಯಾಕ್ಟರು ಬಂತು. ಅದಕ್ಕೆ ನಮ್ಮ ಸಂಘವೂ ಸಾಲ ಕೊಟ್ಟಿತು, ಕೊಟ್ಟದ್ದು ತಪ್ಪೂ ಅಲ್ಲ. ಎಷ್ಟೋ ವರ್ಷ ಬಿಟ್ಟು ಪಟ್ಟಣದವರೊಬ್ಬರು ಬಂದು ಅಜ್ಜನ ಚಕ್ರಗಳನ್ನು ತೋಟದ ಅಂದಕ್ಕೆ ಅಂತ ಕೊಂಡುಹೋದರು. ಚೌಕಾಸಿ ಮಾಡದೆ ಕೊಟ್ಟಷ್ಟು ತೆಗೆದುಕೊಂಡೆ.

ಚಕ್ರ ಹೋಯಿತು, ಹೋಗಲಿ. ಆದರೆ ಚಕ್ರದ ಜೊತೆಗೆ ಮರವನ್ನೂ ಕೆಲಸವನ್ನೂ ಎಸೆದೆವಲ್ಲ, ಅದು ನಮ್ಮ ದಡ್ಡತನ. ಕಬ್ಬಿಣದ ನೇಗಿಲು, ಟೈರು ಗಾಡಿ ಬಂದ ಮೇಲೆ ಜಾಲಿಗೆ ಬಡಗಿ ಲೆಕ್ಕದ ಬೆಲೆ ಹೋಗಿ ಸೌದೆ ಲೆಕ್ಕದ ಬೆಲೆ ಬಂತು. ಅಡಿ ಲೆಕ್ಕದಲ್ಲಿ ಅಳೆಯುತ್ತಿದ್ದ ಮರವನ್ನು ಟನ್ ಲೆಕ್ಕದಲ್ಲಿ ತೂಗಲು ಶುರುಮಾಡಿದೆವು. ಇಟ್ಟಿಗೆ ಗೂಡಿಗೆ, ಹೋಟೆಲ್ ಒಲೆಗೆ, ಇದ್ದಿಲಿಗೆ ಹೋಯಿತು.

ನಾನೇ ಸಹಿ ಹಾಕಿದ್ದು

ಈಗ ನನ್ನ ತಪ್ಪಿನ ವಿಷಯ. ಸಂಘ ಶುರುವಾಗಿ ಮೂರನೇ ವರ್ಷ ಗೋದಾಮು ಕಟ್ಟಲು ಈಗಿನ ಜಾಗ ಸಿಕ್ಕಿತು. ಜಾಗದಲ್ಲಿ ಹದಿನಾಲ್ಕು ಕರಿಜಾಲಿ ಮರ. ನಾನು ಆಗ ಹೊಸ ನಿರ್ದೇಶಕ, ಬಿಸಿರಕ್ತ. ಬೇಗ ಜಾಗ ತೆರವು ಮಾಡಿ ಕೆಲಸ ಶುರುಮಾಡೋಣ ಅಂತ ಸಭೆಯಲ್ಲಿ ಜೋರಾಗಿ ಮಾತಾಡಿದವನು ನಾನೇ. ಸೌದೆ ವ್ಯಾಪಾರಿಗೆ ಟನ್ ಲೆಕ್ಕದಲ್ಲಿ ಕೊಡುವುದು ಅಂತ ಠರಾವು ಆಯಿತು. ಸೂಚಕರು ಅನ್ನುವ ಕಡೆ ನನ್ನ ಹೆಸರಿದೆ. ನಡಾವಳಿ ಪುಸ್ತಕ ತೆಗೆದರೆ ಈಗಲೂ ಕಾಣುತ್ತದೆ.

ಮರ ಉರುಳಿಸುವ ದಿನ ಆಚಾರಪ್ಪ ಬಂದು ನಿಂತರು. ಆಗಲೇ ಅರವತ್ತು ದಾಟಿತ್ತು, ಚಕ್ರದ ಕೆಲಸ ಇಲ್ಲದೆ ಗುದ್ದಲಿ ಕಾವು ಹಾಕಿಕೊಂಡಿದ್ದರು. ಒಂದು ದಿಮ್ಮಿಯ ಮೇಲೆ ಕೈಯಾಡಿಸಿ, "ನಿಮ್ಮಜ್ಜ ಇಂಥದೊಂದು ಮರಕ್ಕೆ ಮೂರು ವರ್ಷ ಕಾದಿದ್ದ ಕಣಪ್ಪಾ" ಅಂದರು. ಬೈಯಲಿಲ್ಲ, ಅಷ್ಟೇ ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ವ್ಯಾಪಾರಿಯ ಹತ್ತಿರ ಅವರು ತಮ್ಮ ಸ್ವಂತ ದುಡ್ಡು ಕೊಟ್ಟು ಒಂದು ದಿಮ್ಮಿ ತೆಗೆದುಕೊಂಡರು. ನಾಲ್ಕು ಅಡಿ ಸುತ್ತಳತೆ, ಏಳು ಅಡಿ ಉದ್ದ. ಸೌದೆ ಲೆಕ್ಕದಲ್ಲಿ ಕಾಲು ಟನ್ ಆಸುಪಾಸು. ಅದನ್ನು ಕೆರೆಗೆ ಉರುಳಿಸಿದರು, ಆರು ತಿಂಗಳ ಮೇಲೆ ತೆಗೆದು ತಮ್ಮ ಕೊಟ್ಟಿಗೆಯ ಅಟ್ಟದ ಕೆಳಗೆ ಹಾಕಿದರು. ಏನಕ್ಕೆ ಅಂತ ಯಾರೋ ಕೇಳಿದರೆ, ಇರಲಿ ಅನ್ನುತ್ತಿದ್ದರು. ಮಿಕ್ಕ ಹದಿಮೂರು ಮರ ಒಲೆಗೆ ಹೋದವು.

ಮೇಜು ಬಂದದ್ದು

ಸಂಘದ ಕಚೇರಿಗೆ ನಾವು ಪಟ್ಟಣದಿಂದ ನುಣುಪಾದ ಹೊಸ ಮೇಜು, ಕೌಂಟರು ತರಿಸಿದೆವು. ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಬಣ್ಣದ ಕಾಗದ. ಮೂರನೇ ಮಳೆಗಾಲಕ್ಕೆ ಸೂರು ಸೋರಿ ನೀರು ಬಿದ್ದು ಅದು ಇಡ್ಲಿ ಹಾಗೆ ಉಬ್ಬಿತು. ಮತ್ತೊಂದು ತಂದೆವು. ಅದರ ಕಾಲು ಮುರಿಯಿತು. ಎರಡು ಸಲವೂ ಖರ್ಚು ಮಂಜೂರು ಮಾಡಿದ್ದು ನಾವೇ.

2020ರಲ್ಲಿ ಕೊರೋನಾ ಬಂದು ಲಾಕ್‌ಡೌನ್ ಆದಾಗ ಆಚಾರಪ್ಪನ ಮಗ ಬೆಂಗಳೂರಿನಿಂದ ಊರಿಗೆ ಬಂದ. ಅಲ್ಲಿ ಅವನದು ಪ್ಲೈವುಡ್ ಕೆಲಸ, ಅಡುಗೆಮನೆ ಕಪಾಟು ಕೂರಿಸುವುದು. ಕೆಲಸ ಇಲ್ಲದೆ ಕೂತಿದ್ದವನಿಗೆ ನಾನು ಸಂಘಕ್ಕೊಂದು ಮೇಜು ಮಾಡಿಕೊಡಪ್ಪ ಅಂದೆ. ಮರ ಎಲ್ಲಿ ಅಂದ. ಒಳಗಿಂದ ಆಚಾರಪ್ಪ, ಅಟ್ಟದ ಕೆಳಗೆ ನೋಡು ಅಂದರು. ಅವರಿಗೆ ಆಗ ಕಣ್ಣು ಮಂಜಾಗಿತ್ತು.

ಮಿಲ್ಲಿನಲ್ಲಿ ಕೊಯ್ಯಿಸಿದಾಗ ಒಳಗೆ ಒಂದು ಹುಳದ ತೂತಿಲ್ಲ. ಬಿಳಿ ಮರವನ್ನೆಲ್ಲ ಕೆತ್ತಿ ಬಿಸಾಕಲು ಆಚಾರಪ್ಪ ಹೇಳಿದರು, ಪೀಠೋಪಕರಣಕ್ಕೆ ಚೇಗು ಮಾತ್ರ. ಅಗಲದ ಹಲಗೆ ಬರಲಿಲ್ಲ. ನಾಲ್ಕು ನಾಲ್ಕು ಅಂಗುಲದ ಪಟ್ಟಿ ಮಾಡಿ ಜೋಡಿಸಿದರು, ಥೇಟ್ ಆ ಈಜಿಪ್ಟಿನ ದೋಣಿಯವರ ಹಾಗೆ. ಮಗ ಎಂದಿನ ಅಭ್ಯಾಸದಂತೆ ನೇರ ಮೊಳೆ ಹೊಡೆಯಲು ಹೋದ, ಮೊಳೆಯೇ ಬಗ್ಗಿತು. ಜಾಲಿಗೆ ಮೊದಲು ತೂತು ಕೊರೆಯದೆ ಮೊಳೆ ಇಳಿಯುವುದಿಲ್ಲ, ಇಳಿದರೂ ಸೀಳುತ್ತದೆ. ಇನ್ನೊಂದು ವಿಷಯ, ಜಾಲಿಯಲ್ಲಿ ಚೊಗರು ಜಾಸ್ತಿ. ಕಬ್ಬಿಣವೂ ನೀರೂ ಸೇರಿದರೆ ಶಾಯಿಯಂತೆ ಕಪ್ಪು ಕಲೆ ಕಟ್ಟುತ್ತದೆ. ಅದಕ್ಕೆ ಮೇಲ್ಹಲಗೆಗೆ ಹಿತ್ತಾಳೆ ಸ್ಕ್ರೂ, ಉಳಿದದ್ದೆಲ್ಲ ಕೂರು-ಬಾಯಿ ಸೇರಿಸಿದ ಬಿಗಿ.

ಕಾಲುಗಳನ್ನು ಕಡೆದದ್ದು ಹಳೇ ಪಂಪ್‌ಸೆಟ್ಟಿನ ಮೋಟಾರಿಗೆ ಬೆಲ್ಟು ಕಟ್ಟಿ ಮಾಡಿದ ಚರಕಿಯಲ್ಲಿ. ಮಗನಿಗೆ ಕಡೆತ ಬರುತ್ತಿರಲಿಲ್ಲ. ತಂದೆ ಮಂಚದ ಮೇಲೆ ಕೂತು ಸದ್ದಿನಲ್ಲೇ ಹೇಳುತ್ತಿದ್ದರು. ಸದ್ದು ಗರಗರ ಅಂದರೆ ಉಳಿ ಮೊಂಡಾಗಿದೆ ಮಸೆ, ಕಿರ್ ಅಂದರೆ ಜಾಸ್ತಿ ಒತ್ತುತ್ತಿದ್ದೀ ಸಡಿಲಿಸು, ಸುಯ್ ಅಂದರೆ ಸರಿ ಹೋಗ್ತಾ ಇದೆ. ಜಾಲಿಯ ಪುಡಿ ಗಂಟಲಿಗೆ ಕೆಟ್ಟದ್ದು, ಕೊರೋನಾ ಮಾಸ್ಕು ಆ ಕೆಲಸಕ್ಕೂ ಆಯಿತು. ಮೊದಲ ಕಾಲು ಸೊಟ್ಟ, ಎರಡನೆಯದು ಪರವಾಗಿಲ್ಲ. ನಾಲ್ಕನೆಯದನ್ನು ಆಚಾರಪ್ಪ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ತಡವಿ ನೋಡಿ, ಮೊದಲಿನದನ್ನು ಇನ್ನೊಂದು ಸಲ ಮಾಡು ಅಂದರು. ಮೆಚ್ಚುಗೆ ಅಂದರೆ ಅವರದು ಅಷ್ಟೇ. ಬಣ್ಣ ಹಾಕಲಿಲ್ಲ, ಅಗಸೆ ಎಣ್ಣೆ ತಿಕ್ಕಿದರು. ಮೂರು ತಿಂಗಳಲ್ಲಿ ಗುಲಾಬಿ ಇದ್ದದ್ದು ಈಗ ನೀವು ನೋಡುವ ಬಣ್ಣಕ್ಕೆ ಬಂತು.

ಆ ಒಂದು ದಿಮ್ಮಿಯಲ್ಲಿ ಒಂದು ಮೇಜು, ಎರಡು ಸ್ಟೂಲು ಆದವು. ಉಳಿದ ತುಂಡುಗಳಲ್ಲಿ ಒಂಬತ್ತು ಲಟ್ಟಣಿಗೆ, ಮೂರು ಕಡಗೋಲು ಕಡೆದು ಊರಲ್ಲಿ ಮಾರಿದ. ಮುಂದಿನ ವರ್ಷ ಆಚಾರಪ್ಪ ತೀರಿಕೊಂಡರು. ಮರದ ಬೆಲೆ ಎಷ್ಟಾಯಿತು ಅಂತ ನಾನು ಕೇಳಿದ್ದಕ್ಕೆ, ಅದು ಸಂಘದ್ದೇ ಮರ ಅಲ್ಲವೇನೋ ಅಂದಿದ್ದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಮೇಲ್ಹಲಗೆಯ ಒಂದು ಮೂಲೆಯಲ್ಲಿ ಸ್ವಲ್ಪ ಕಪ್ಪು ಕಲೆ ಇದೆ, ಯಾರೋ ಒದ್ದೆ ಕಬ್ಬಿಣದ ಕೊಡ ಇಟ್ಟದ್ದು. ಅದು ಬಿಟ್ಟರೆ ಮೇಜಿಗೆ ಏನೂ ಆಗಿಲ್ಲ.

ಮುಂದೆ ಏನು ಮಾಡಬಹುದು

ನಮ್ಮ ರಾಜ್ಯದ್ದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಂಡದ್ದು ಒಂದೇ ಸತ್ಯ. ಒಬ್ಬೊಬ್ಬನೇ ಹೋದರೆ ರೈತನ ಮಾತಿಗೆ ಬೆಲೆ ಇಲ್ಲ, ಹತ್ತು ಜನ ಸೇರಿದರೆ ಇದೆ. ಮರದ ವಿಷಯದಲ್ಲೂ ಹಾಗೇ. ಒಂದು ಜಾಲಿ ಮರ ಮಾರಲು ಹೋದ ರೈತನಿಗೆ ಸೌದೆ ಬೆಲೆ. ಹತ್ತು ಜನರ ಮರ ಒಂದು ಕಡೆ ಸೇರಿ, ನೀರಲ್ಲಿ ಹದವಾಗಿ, ನೆರಳಲ್ಲಿ ಒಣಗಿ, ತುಂಡಾಗಿ ಸಿದ್ಧ ಇದ್ದರೆ ಬೇರೆ ಬೆಲೆ. ಚನ್ನಪಟ್ಟಣದವರು ಹಾಲೆ ಮರದಂಥ ಬಡ ಮರವನ್ನೇ ಕಡೆದು, ಅರಗಿನ ಬಣ್ಣ ಹಾಕಿ ಪ್ರಪಂಚಕ್ಕೆಲ್ಲ ಬೊಂಬೆ ಮಾರುತ್ತಿದ್ದಾರೆ. ಜಾಲಿಯಲ್ಲಿ ಬೊಂಬೆ ಆಗುವುದಿಲ್ಲ, ನಿಜ. ಸ್ಟೂಲು, ಮಂಚದ ಕಾಲು, ಲಟ್ಟಣಿಗೆ, ಕಡಗೋಲು, ಉಳಿ-ಸುತ್ತಿಗೆಯ ಕಾವು ಆಗುತ್ತದೆ. ಮುರಿಯುವುದೂ ಇಲ್ಲ.

ಈ ಬೆಳ್ಳಿಹಬ್ಬದ ವರ್ಷ ನಾನು ಆಡಳಿತ ಮಂಡಳಿಯ ಮುಂದೆ ಮೂರು ವಿಷಯ ಇಡುತ್ತಿದ್ದೇನೆ. ಸದಸ್ಯರೂ ಯೋಚಿಸಬೇಕು. ಒಂದು, ಸದಸ್ಯರ ಹೊಲದ ಜಾಲಿ ಬಿದ್ದರೆ ಅಥವಾ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡು ಕಡಿದರೆ, ಸುತ್ತಳತೆ ಮೂರು ಅಡಿ ಮೀರಿದ ದಿಮ್ಮಿಯನ್ನು ಸಂಘವೇ ಕೊಂಡು ಗೋದಾಮಿನ ಹಿಂದೆ ನೆರಳಲ್ಲಿಡಬೇಕು. ಎರಡು, ಆಚಾರಪ್ಪನ ಮಗ ಊರಲ್ಲೇ ನಿಲ್ಲುವುದಾದರೆ ಅವನಿಗೆ ಚರಕಿ ಯಂತ್ರಕ್ಕೆ ಸಂಘ ಸಾಲ ಕೊಡಬೇಕು. ಕಲಿಯುವ ಹುಡುಗರು ಇದ್ದರೆ ಬೆಂಗಳೂರು ಮಲ್ಲೇಶ್ವರದಲ್ಲಿ ಮರವಿಜ್ಞಾನ ಸಂಸ್ಥೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1938ರಲ್ಲಿ ಪ್ರಯೋಗಾಲಯವಾಗಿ ಶುರುವಾದದ್ದು, ಮರಗೆಲಸದ ತರಬೇತಿಯನ್ನೂ ಕೊಡುತ್ತದೆ. ಮೂರು, ಬದುವಿನಲ್ಲಿ ಮತ್ತೆ ಜಾಲಿ ಬೆಳೆಸಬೇಕು. ಇದಕ್ಕೆ ನರ್ಸರಿಯೂ ಬೇಡ. ಕಾಯಿ ತಿಂದ ಆಡಿನ ಹಿಕ್ಕೆಯಲ್ಲಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಚೇಗು ಕಟ್ಟಲು ಹದಿನೈದು-ಇಪ್ಪತ್ತು ವರ್ಷ ಬೇಕು. ಬಹಳ ಆಯಿತು ಅನ್ನಬೇಡಿ. ನಮ್ಮ ಸಂಘಕ್ಕೇ ಇಪ್ಪತ್ತೈದು ಆಗಿಹೋಯಿತು. ಗೋದಾಮು ಕಟ್ಟಿದ ವರ್ಷ ಹದಿನಾಲ್ಕು ಮರದ ಬದಲು ಹದಿನಾಲ್ಕು ಸಸಿ ಹಾಕಿದ್ದರೆ ಇವತ್ತು ಕಡಿಯಲು ಬರುತ್ತಿತ್ತು. ಹಾಕಲಿಲ್ಲ. ಆ ಠರಾವನ್ನು ಸೂಚಿಸಿದವನು ನಾನು. ಈ ಠರಾವನ್ನೂ ನಾನೇ ಸೂಚಿಸುತ್ತೇನೆ, ಯಾರಾದರೂ ಅನುಮೋದಿಸಿದರೆ ಸಾಕು.

ಬೆಳ್ಳಿಹಬ್ಬದ ದಿನ ವೇದಿಕೆಯ ಮೇಲೆ ಅತಿಥಿಗಳ ಮುಂದೆ ಬಾಡಿಗೆ ಮೇಜು ಬೇಡ, ಕಚೇರಿಯ ಜಾಲಿ ಮೇಜನ್ನೇ ಹೊತ್ತು ತನ್ನಿ ಅಂತ ಕೇಳಿಕೊಂಡಿದ್ದೇನೆ. ಹೊರಲು ಆರು ಜನ ಬೇಕು, ಈಗಲೇ ಹೇಳಿರುತ್ತೇನೆ.